ಯಾವ ಎಣ್ಣೆಯ ಎಣ್ಣೆಗಾಯಿ?

ನಾನು ದಿನಸಿ ತರುವ ಕಗ್ಗದಾಸಪುರದ ಅಂಗಡಿಯಲ್ಲಿ ಆಲಿವ್ ಎಣ್ಣೆ ಕಣ್ಣಿನ ಎತ್ತರಕ್ಕೇ ಸಿಗುತ್ತದೆ. ಕಡಲೆಕಾಯಿ ಎಣ್ಣೆ ಬೇಕೆಂದರೆ ಬಗ್ಗಬೇಕು. ಈ ಮೇಲು-ಕೀಳಿನ ಬಗ್ಗೆಯೇ ನನ್ನ ತಕರಾರು. ಟರ್ಕಿಯ ‘ಜೈತಿನ್‌ಯಾಲಿ’ಯನ್ನು ನಾನು ಕಡಲೆಕಾಯಿ ಎಣ್ಣೆಯಲ್ಲಿ ಮಾಡುತ್ತೇನೆ. ಅದು ಅಸಲಿಯಲ್ಲ ಎಂದು ಗೆಳೆಯರು ಜಗಳಕ್ಕೆ ಬರುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ, ಆ ಹೆಸರಿನ ಅರ್ಥವೇ ‘ಆಲಿವ್ ಎಣ್ಣೆಯದು’. ಆದರೂ ಅವರ ವಾದ ನಿಲ್ಲುವುದಿಲ್ಲ.

ಮಾಡುವ ಕ್ರಮ ನೋಡಿ. ಅರ್ಧ ಕೆಜಿ ಎಳೆ ಹುರುಳಿಕಾಯಿ, ಎರಡು ಈರುಳ್ಳಿ, ಮೂರು ಟೊಮೆಟೊ, ಸುಮಾರು 100 ಮಿ.ಲೀ. ಎಣ್ಣೆ, ಉಪ್ಪು, ಒಂದು ಚಮಚ ಸಕ್ಕರೆ, ಅರ್ಧ ಲೋಟ ನೀರು. ಸಾಸಿವೆ ಸಿಡಿಸುವುದಿಲ್ಲ, ಕಾಯಿತುರಿ ಉದುರಿಸುವುದಿಲ್ಲ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಬೇಕು. ಕಾಯಿ ಮೆತ್ತಗಾಗಿ, ನೀರು ಇಂಗಿ, ಎಣ್ಣೆ ಮೇಲೆ ತೇಲಬೇಕು. ಆಮೇಲೆ ಪಾತ್ರೆಯಲ್ಲೇ ಆರಲು ಬಿಟ್ಟು ತಣ್ಣಗೆ ತಿನ್ನುವುದು.

ಗುಟ್ಟಿರುವುದು ಆ ತಣ್ಣಗಿನಲ್ಲಿ. ಬೆಣ್ಣೆ, ತುಪ್ಪ ಹಾಕಿದರೆ ಆರಿದ ಮೇಲೆ ಗಟ್ಟಿಯಾಗಿ ನಾಲಿಗೆಗೆ ಅಂಟುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ತೆಂಗಿನೆಣ್ಣೆಯೂ ಹೆಪ್ಪುಗಟ್ಟುತ್ತದೆ. ಈ ಅಡುಗೆಗೆ ಬೇಕಾದದ್ದು ಆರಿದರೂ ತಿಳಿಯಾಗಿರುವ, ತನ್ನದೇ ರುಚಿಯಿರುವ ಎಣ್ಣೆ. ಏಜಿಯನ್ ಕಡಲ ಕರಾವಳಿಯಲ್ಲಿ ಅದನ್ನು ಆಲಿವ್ ಮರ ಕೊಡುತ್ತದೆ. ಪಾವಗಡ, ಚಳ್ಳಕೆರೆಯ ಒಣನೆಲದಲ್ಲಿ ಕಡಲೆಕಾಯಿ ಕೊಡುತ್ತದೆ. ಗಾಣದಿಂದ ಬಂದ ಎಣ್ಣೆಯಲ್ಲಿ ಬೆಂದ ಹುರುಳಿಕಾಯಿಯನ್ನು ಒಮ್ಮೆ ತಿಂದು ನೋಡಿ, ಆಮೇಲೆ ಮಾತಾಡೋಣ.

ಇನ್ನು ಅಸಲಿಯ ಮಾತು. ಕರಿಯಲು ಹುರಿಯಲು ತಕ್ಕುದೆಂದು ನಮಗೆ ಮಾರುವ ‘ಪೊಮೇಸ್’ ಆಲಿವ್ ಎಣ್ಣೆ ಎಂದರೇನು? ಹಣ್ಣನ್ನು ಅರೆದು ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಿಂದ, ದ್ರಾವಕ ಬಳಸಿ ಮತ್ತೆ ಹೊರತೆಗೆದು ಶುದ್ಧೀಕರಿಸಿದ್ದು. ಹಿಂಡಿಯನ್ನು ನಾವು ದನಕ್ಕೆ ಹಾಕುತ್ತೇವೆ. ಆಲಿವ್ ಹೆಸರು ಅಂಟಿದರೆ ಹಿಂಡಿಗೂ ಅಟ್ಟದ ಮೇಲೆ ಜಾಗ!

ನನ್ನದು ಸ್ವದೇಶಿ ಹಟವಲ್ಲ. ಈ ಅಡುಗೆಯ ಹುರುಳಿಕಾಯಿ, ಟೊಮೆಟೊ ಎರಡೂ ಟರ್ಕಿಗೆ ಅಮೆರಿಕ ಖಂಡದಿಂದ ಹೋದವು. ನಮ್ಮ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದೇ. ಒಂದು ಪದಾರ್ಥ ನಮ್ಮದಾಗುವುದು ಹುಟ್ಟಿನಿಂದಲ್ಲ, ಬಳಕೆಯಿಂದ. ಅದನ್ನು ಬೆಳೆಯುವವರು ಗೊತ್ತಿರಬೇಕು, ಕಮಟು ಹಿಡಿದದ್ದು ಮೂಗಿಗೆ ತಿಳಿಯಬೇಕು. ಸಾಹಿತ್ಯ ಓದುವವರಿಗೆ ಇದು ಹೊಸತಲ್ಲ. ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಕನ್ನಡಕ್ಕೆ ತಂದಾಗ ಗ್ರೀಕ್ ವೀರನ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು. ನಾಟಕ ಕನ್ನಡದ್ದಾದದ್ದು ಆ ಬದಲಾವಣೆಯಿಂದಲೇ. ಕವಿಗೆ ಕೊಟ್ಟ ಸ್ವಾತಂತ್ರ್ಯವನ್ನು ಅಡುಗೆ ಮಾಡುವವರಿಗೆ ಯಾಕೆ ಕೊಡಬಾರದು?

ಇದು ಬರೀ ನಾಲಿಗೆಯ ಚಪಲವೂ ಅಲ್ಲ. 1986ರಲ್ಲಿ ಸರ್ಕಾರ ಎಣ್ಣೆಕಾಳುಗಳಿಗೆಂದೇ ಒಂದು ತಂತ್ರಜ್ಞಾನ ಮಿಷನ್ ಆರಂಭಿಸಿತ್ತು. ತೊಂಬತ್ತರ ದಶಕದ ಮೊದಲಿಗೆ ದೇಶ ಸ್ವಾವಲಂಬನೆಯ ಹತ್ತಿರ ಬಂದಿತ್ತು. ಇಂದು ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರಲ್ಲಿ ಆಲಿವ್ ಚಿಟಿಕೆಯಷ್ಟು. ಬಹುಪಾಲು ತಾಳೆ, ಸೋಯಾ, ಸೂರ್ಯಕಾಂತಿ. ಆದರೆ ಚಿಟಿಕೆಯೇ ಅಭಿರುಚಿಯನ್ನು ತೀರ್ಮಾನಿಸುತ್ತದೆ. ಉಳ್ಳವರು ಆಲಿವ್ ಕಡೆ ಹೋದರು, ಇಲ್ಲದವರನ್ನು ತಾಳೆ ಎಣ್ಣೆಯ ಕಡೆ ತಳ್ಳಿದೆವು. ಮಳೆ ನಂಬಿ ಕಡಲೆಕಾಯಿ ಬಿತ್ತುವವನ ಪಾಲಿಗೆ ಉಳಿದವರು ಯಾರು?

ಟರ್ಕಿಯವರಿಂದ ನಾವು ಕಲಿಯಬೇಕಾದದ್ದು ಆಲಿವ್ ಅಲ್ಲ, ತಮ್ಮ ಎಣ್ಣೆಯ ಹೆಸರನ್ನು ಅಡುಗೆಗೇ ಇಟ್ಟ ಅಭಿಮಾನ. ನಮ್ಮಲ್ಲೂ ಎಣ್ಣೆಯ ಹೆಸರು ಹೊತ್ತ ಅಡುಗೆಯಿದೆ: ಬದನೆಕಾಯಿಯ ಎಣ್ಣೆಗಾಯಿ. ಆ ಹೆಸರು ಯಾವ ಎಣ್ಣೆ ಎಂದು ಹೇಳುವುದಿಲ್ಲ. ಕೇಳುವ ಕೆಲಸ ನಮ್ಮದು. ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ನಮ್ಮ ನಮ್ಮ ಅಡುಗೆಮನೆಯಲ್ಲೂ ನಾಚಿಕೆಯಿಲ್ಲದೆ ಕೇಳೋಣ.