ತಂತಿ ಇಲ್ಲದ ಕೀಲಿಮಣೆ ಕೊಳ್ಳುವ ಮುನ್ನ

ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಡಿಸಿದ ಮೇಲೆ ಖರ್ಚು ಮುಗಿಯಿತೆಂದು ಪಾಲಕರು ನಿಟ್ಟುಸಿರು ಬಿಡುತ್ತಾರೆ. ಆರು ತಿಂಗಳಲ್ಲಿ ಮಕ್ಕಳು ಕತ್ತು ನೋವು ಎನ್ನತೊಡಗುತ್ತಾರೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೈ ಮೇಲೇರುತ್ತದೆ. ಕೈ ಸರಿಯಾದ ಎತ್ತರದಲ್ಲಿದ್ದರೆ ಕತ್ತು ಬಾಗುತ್ತದೆ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೊಂದು ಕೀಲಿಮಣೆಯನ್ನು ಮೇಜಿನ ಮೇಲೆ ಇಟ್ಟುಕೊಂಡರೆ ಎರಡೂ ಸರಿಹೋಗುತ್ತವೆ. ಹಾಗಾಗಿ ತಂತಿ ಇಲ್ಲದ ಕೀಲಿಮಣೆ ಈಗ ಬರೀ ಶೋಕಿಯ ವಸ್ತುವಲ್ಲ.

ಹೊಸಪೇಟೆಯ ಅಂಗಡಿಗೆ ಹೋದರೆ ಮೊದಲು ತೋರಿಸುವುದು ಡಬ್ಬಿಯ ಮೇಲಿನ ‘10 ಮೀಟರ್’ ಎಂಬ ಅಂಕಿಯನ್ನು. ಮೇಜಿನ ಮುಂದೆ ಕುಳಿತು ಓದುವ ಹುಡುಗನಿಗೆ ಬೇಕಾದದ್ದು ಒಂದು ಮೀಟರ್ ಕೂಡ ಅಲ್ಲ. ಆದರೂ ಒಂದು ಮೀಟರ್ ಒಳಗೇ ಅಕ್ಷರ ನುಂಗುವ ಕೀಲಿಮಣೆಗಳು ಇವೆ. ಕಾರಣ ದೂರವಲ್ಲ, ನಡುವೆ ಏನಿದೆ ಎಂಬುದು.

ಈ ಕೀಲಿಮಣೆಗಳು ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ರೇಡಿಯೊ ಅಲೆಗಳಲ್ಲಿ ಮಾತಾಡುತ್ತವೆ. ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಹತ್ತು ಮೀಟರಿಗೆಂದು ರೂಪಿಸಿದ ಬ್ಲೂಟೂತ್ ದರ್ಜೆಯ ಗರಿಷ್ಠ ಶಕ್ತಿ 2.5 ಮಿಲಿವಾಟ್. ದೇವರ ಮನೆಯ ಅರ್ಧ ವಾಟಿನ ದೀಪದ ಇನ್ನೂರರಲ್ಲಿ ಒಂದು ಪಾಲು! ದೂರ ಎರಡು ಪಟ್ಟಾದರೆ ತಲುಪುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಲೋಹ ಈ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರುತ್ತದೆ. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರೇ. ಡಬ್ಬಿಯ ಮೇಲಿನ ಹತ್ತು ಮೀಟರ್ ಬಯಲಿನ ಲೆಕ್ಕ, ಟಿ.ಬಿ. ಡ್ಯಾಮಿನ ಹಳೆಯ ಕ್ವಾರ್ಟರ್ಸಿನ ದಪ್ಪ ಗೋಡೆ, ಕಬ್ಬಿಣದ ಬೀರು, ನಡುವೆ ನಿಂತ ಅಜ್ಜ, ಇವರಿಗೆಲ್ಲ ಅದರಲ್ಲಿ ಜಾಗವಿಲ್ಲ.

ಇನ್ನೊಂದು ತೊಂದರೆ ಗದ್ದಲ. 2005ರಲ್ಲಿ ಭಾರತ ಸರ್ಕಾರ ಈ ತರಂಗಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. ವೈ-ಫೈ, ಬ್ಲೂಟೂತ್, ಮೌಸ್ ಎಲ್ಲವೂ ಇದೇ ಸಂತೆಯಲ್ಲಿ ಕೂಗುತ್ತವೆ. ಮೈಕ್ರೋವೇವ್ ಒಲೆಯ ಅಲೆಯೂ ಇಲ್ಲಿಯದೇ. ಮೂಲ ಬ್ಲೂಟೂತ್ ಇದಕ್ಕೆ ಜಾಣ ಉಪಾಯ ಮಾಡಿದೆ: 79 ಓಣಿಗಳ ನಡುವೆ ಸೆಕೆಂಡಿಗೆ 1600 ಸಲ ಜಾಗ ಬದಲಿಸುತ್ತ ಗದ್ದಲವಿಲ್ಲದ ಕಡೆ ಮಾತು ಮುಗಿಸುತ್ತದೆ.

ಉಗುರಿನಷ್ಟು ಗಾತ್ರದ ರಿಸೀವರ್ ಸಿಕ್ಕಿಸುವ ಕೀಲಿಮಣೆಯಾದರೆ ಅದನ್ನು ಎಲ್ಲಿ ಸಿಕ್ಕಿಸುತ್ತೀರಿ ಎಂಬುದೇ ಮುಖ್ಯ. ಮೇಜಿನ ಕೆಳಗಿರುವ ಸಿಪಿಯು ಡಬ್ಬಿಯ ಬೆನ್ನಿಗೆ ಸಿಕ್ಕಿಸಿದರೆ ಅದು ತಗಡಿನ ಹಿಂದೆ ಕುಳಿತಂತೆ. ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯೂ ಬೇಡ. ಆ ಕಿಂಡಿ, ಅದರ ತಂತಿಗಳು ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ ಕಂಪೆನಿಯೇ 2012ರ ವರದಿಯಲ್ಲಿ ತೋರಿಸಿದೆ. ಒಂದು ಅಡಿ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿ ತಂದು ರಿಸೀವರನ್ನು ಮೇಜಿನ ಮೇಲೆ, ಕೀಲಿಮಣೆಗೆ ಎದುರಾಗಿ ಇಟ್ಟರೆ ಬಹುಪಾಲು ದೂರು ಅಲ್ಲಿಗೇ ಮುಗಿಯುತ್ತದೆ. ಹೆಚ್ಚು ‘ರೇಂಜ್’ ಎಂದು ಹೆಚ್ಚು ಹಣ ಕೊಡುವುದಕ್ಕಿಂತ ಇದು ಮೇಲು.

ಉಳಿಸಿದ ಹಣವನ್ನು ಬೆರಳಿಗೆ ಖರ್ಚು ಮಾಡಿ. ಕನ್ನಡ ಟೈಪು ಮಾಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಬಹುಮಂದಿ ಬಳಸುವ ನುಡಿ ತಂತ್ರಾಂಶದ ಕೀಲಿ ವಿನ್ಯಾಸ ಕೆ.ಪಿ. ರಾವ್ ಅವರದು, ನಮ್ಮ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದವರು. ಇಪ್ಪತ್ತಾರು ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡವೆಲ್ಲ ಅಡಗುವಂತೆ ಜೋಡಿಸಿದ್ದರಿಂದ ಕನ್ನಡ ಅಕ್ಷರ ಮುದ್ರಿಸಿದ ಕೀಲಿಮಣೆಯನ್ನೇ ಹುಡುಕಬೇಕಿಲ್ಲ. ಆದರೆ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಸೊನ್ನೆಗೂ ಶಿಫ್ಟ್. ಒತ್ತಕ್ಷರಕ್ಕೆ ‘ಎಫ್’. ‘ತುಂಗಭದ್ರಾ’ ಎಂದು ಬರೆದು ನೋಡಿ: ಒಂಬತ್ತು ಕೀಲಿ, ಅದರಲ್ಲಿ ಮೂರಕ್ಕೆ ಶಿಫ್ಟ್, ಒಂದು ಎಫ್. ಇಂಗ್ಲಿಷ್ ವಾಕ್ಯದಲ್ಲಿ ಮೊದಲಕ್ಷರಕ್ಕೆ ಮಾತ್ರ ಬೇಕಾಗುವ ಶಿಫ್ಟ್ ನಮಗೆ ಪದಪದಕ್ಕೂ ಬೇಕು. ಚೆಂದಕ್ಕೆಂದು ಶಿಫ್ಟ್ ಕೀಲಿಯನ್ನು ಕಿರಿದು ಮಾಡಿದ ಪುಟ್ಟ ಕೀಲಿಮಣೆಗಳಲ್ಲಿ ಕಿರುಬೆರಳು ದಿನವೂ ಚಾಚಿ ಚಾಚಿ ಸೋಲುತ್ತದೆ. ಎಡ, ಬಲ ಎರಡೂ ಶಿಫ್ಟ್ ಅಗಲವಾಗಿರಲಿ. ಕೀಲಿಯಿಂದ ಕೀಲಿಗೆ ನಡು ಅಳತೆ ಸುಮಾರು 19 ಮಿಲಿಮೀಟರ್ ಇರಲಿ; ಸ್ಕೇಲ್ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಎಫ್, ಜೆ ಕೀಲಿಗಳ ಮೇಲಿನ ಗುಬುಟು ಬೆರಳಿಗೆ ತಿಳಿಯಬೇಕು. ವಾಣಿಜ್ಯ ಓದುವವರಿಗೆ ಬಲಗಡೆಯ ಅಂಕಿಗಳ ಸಾಲು ಉಪಯೋಗ, ಉಳಿದವರಿಗೆ ಅದು ಮೌಸನ್ನು ದೂರ ತಳ್ಳುವ ಅಡ್ಡಿ.

ಕೀಲಿಮಣೆಯ ಹಿಂಬದಿ ಮಡಚುವ ಕಾಲುಗಳಿರುತ್ತವಲ್ಲ, ಅವನ್ನು ಎತ್ತಿ ನಿಲ್ಲಿಸಬೇಡಿ. ಹಿಂದೆ ಎತ್ತರವಾದಷ್ಟೂ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮೊಣಕೈ ಪಕ್ಕೆಯ ಹತ್ತಿರ, ಮಣಿಕಟ್ಟು ನೇರ, ಇಷ್ಟು ಸಾಕು. ಸೊಂಡೂರಿನ ಕಡೆಯ ಮನೆಗಳಲ್ಲಿ ಅದಿರಿನ ಕೆಂಪು ದೂಳು ಕೀಲಿಗಳ ಸಂದಿಗೂ ಇಳಿಯುತ್ತದೆ. ವಾರಕ್ಕೊಮ್ಮೆ ತಲೆಕೆಳಗು ಮಾಡಿ ತಟ್ಟಿ, ಮೆತ್ತನೆಯ ಬಣ್ಣದ ಬ್ರಶ್ಶಿನಿಂದ ಒರೆಸಿ.

ಪಾಲಕರಿಗೆ ಒಂದು ಮಾತು. 2016ರಲ್ಲಿ ಬಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆ, ಕೆಲವು ಅಗ್ಗದ ಕೀಲಿಮಣೆಗಳು ಒತ್ತಿದ ಅಕ್ಷರವನ್ನು ಗುಪ್ತಲಿಪಿಗೆ ತಿರುಗಿಸದೆ ಹಾಗೇ ಬಿತ್ತರಿಸುತ್ತವೆಂದು ತೋರಿಸಿತು. 250 ಅಡಿ ದೂರದಿಂದಲೂ ಅದನ್ನು ಕದ್ದು ಓದಬಹುದಿತ್ತು. ಮನೆಯವರ ಬ್ಯಾಂಕಿನ ಪಾಸ್‌ವರ್ಡೂ ಅದೇ ಕೀಲಿಮಣೆಯಲ್ಲಿ ಒತ್ತುವುದಾದರೆ ಬ್ಲೂಟೂತ್ ಇಲ್ಲವೇ ಡಬ್ಬಿಯ ಮೇಲೆ ‘ಎಇಎಸ್’ ಎಂದು ಬರೆದಿರುವುದನ್ನೇ ಕೇಳಿ.

ಅಂಗಡಿಯಲ್ಲೇ ಕೂತು ‘ತುಂಗಭದ್ರಾ’ವನ್ನು ಹತ್ತು ಸಲ ಒತ್ತಿ ನೋಡಿ; ಅಂಗಡಿಯವರು ಗೊಣಗಿದರೆ ಗೊಣಗಲಿ. ಆಮೇಲೆ ಮೂರು ಮೀಟರ್ ದೂರ ಹೋಗಿ, ಬೆನ್ನು ತಿರುಗಿಸಿ ಒತ್ತಿ. ಅಕ್ಷರ ತಪ್ಪಿದರೆ ಹೊಸ ಸೆಲ್ ಹಾಕಿಸಿ ಮತ್ತೊಮ್ಮೆ ನೋಡಿ, ಏಕೆಂದರೆ ಸೋತ ಸೆಲ್ಲಿನ ಲಕ್ಷಣವೂ ಇದೇ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಸೆಲ್ ತೆಗೆದಿಡಿ. ನಮ್ಮ ಬಿಸಿಲಿಗೆ ಅವು ಬೇಗ ಸೋರಿ ಒಳಗಿನ ಸ್ಪ್ರಿಂಗನ್ನು ತಿನ್ನುತ್ತವೆ.