ಇದು ವ್ರತವಲ್ಲ, ಊಟ

ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದಿದ್ದ ನಾದಿನಿ ನನ್ನ ರಾತ್ರಿಯ ತಟ್ಟೆ ನೋಡಿ ಕಣ್ಣಿಗೆ ಸೆರಗು ಒತ್ತಿಕೊಂಡಳು. ತಟ್ಟೆಯಲ್ಲಿ ಇದ್ದದ್ದಾದರೂ ಏನು? ಎಳೆ ಸೌತೆಕಾಯಿಯ ಹೋಳು, ಒಂದು ಹಿಡಿ ಮೊಳಕೆ ಬಂದ ಹೆಸರುಕಾಳು, ನಾಲ್ಕು ಬಿಲ್ಲೆ ನವಿಲುಕೋಸು, ಒಂದು ಚೂರು ಕೊಬ್ಬರಿ, ಬಾಳೆಹಣ್ಣು. ಉಪ್ಪಿಲ್ಲ, ಖಾರವಿಲ್ಲ, ಒಗ್ಗರಣೆಯಿಲ್ಲ. "ಅಣ್ಣ ಹೋದ ಅಂತ ಇಷ್ಟೆಲ್ಲ ದೇಹ ದಂಡಿಸಬೇಕಾ ಅತ್ತಿಗೆ?" ಎಂದಳು. ನಾನು ಸುಖವಾಗಿ ಅಗಿಯುತ್ತಿದ್ದ ನವಿಲುಕೋಸು ಗಂಟಲಲ್ಲೇ ನಿಂತಿತು.

ಅವಳ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ನೀವೇ ಹೇಳಿ, ಈ ಊಟ ನಾನು ಶುರು ಮಾಡಿದ್ದು ಯಜಮಾನರು ಇದ್ದಾಗಲೇ. ಆಗ ಅವರು "ನಮ್ಮನೇಲಿ ಒಂದು ಮೇಕೆ ಸಾಕಿದೀನಿ" ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಯಾರೂ ಅಳಲಿಲ್ಲ. ಅವರು ತೀರಿಕೊಂಡ ಮೇಲೆ ಅದೇ ತಟ್ಟೆ, ಅದೇ ಸೌತೆಕಾಯಿ ಇದ್ದಕ್ಕಿದ್ದಂತೆ ವೈರಾಗ್ಯವಾಗಿಬಿಟ್ಟಿತು! ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ನನ್ನ ಡಬ್ಬಿಯ ಕಡೆ ನೋಡುವ ನೋಟವೇ ಬೇರೆಯಾಯಿತು. ಒಬ್ಬರಂತೂ "ನೀವು ತುಂಬಾ ಗಟ್ಟಿ ಮನಸ್ಸಿನವರು" ಎಂದು ಹೊಗಳಿದರು. ಸೌತೆಕಾಯಿ ತಿನ್ನಲು ಗಟ್ಟಿ ಹಲ್ಲು ಸಾಕು, ಮನಸ್ಸು ಯಾಕೆ?

ಕಾರಣ ಗೊತ್ತಿಲ್ಲದೆ ಏನಿಲ್ಲ. ನಮ್ಮಲ್ಲಿ ಒಗ್ಗರಣೆ ಇಲ್ಲದ ಅಡುಗೆ ಎಂದರೆ ಅದು ಸೂತಕದ ಅಡುಗೆ. ಇಲ್ಲವೇ ಜ್ವರ ಬಂದವರ ಗಂಜಿ. ಇಲ್ಲವೇ ಮಡಿ ಹೆಂಗಸಿನ ಫಲಾಹಾರ. ಒಗ್ಗರಣೆಯ ಚಟಪಟ ಸದ್ದು ಕೇಳಿಸಿದ ಮನೆಯಲ್ಲಿ ಮಂಗಳವಿದೆ, ಕೇಳಿಸದ ಮನೆಯಲ್ಲಿ ಏನೋ ಆಗಿದೆ ಎಂಬ ಲೆಕ್ಕ.

ಮಡಿ ಹೆಂಗಸು ಎಂದಾಗ ನನಗೆ ನಮ್ಮ ದೊಡ್ಡಜ್ಜಿ ನೆನಪಾಗುತ್ತಾಳೆ. ಕೆಂಪು ಸೀರೆ, ಬೋಳಿಸಿದ ತಲೆ, ಮಧ್ಯಾಹ್ನ ಒಂದು ಹೊತ್ತಿನ ಊಟ, ರಾತ್ರಿ ನೆನೆಸಿದ ಅವಲಕ್ಕಿ, ಇದ್ದರೆ ಒಂದು ಹಣ್ಣು. ನನಗೆ ಆರೋ ಏಳೋ ವರ್ಷ. ಒಂದು ಸಂಜೆ ಅಡುಗೆಮನೆಯಲ್ಲಿ ಮಕ್ಕಳಿಗೆಂದು ಅಮ್ಮ ಈರುಳ್ಳಿ ಹಾಕಿ ಒಗ್ಗರಣೆ ಅವಲಕ್ಕಿ ಮಾಡುತ್ತಿದ್ದಳು. ದೊಡ್ಡಜ್ಜಿ ನನ್ನನ್ನು ಹತ್ತಿರ ಕರೆದು, "ಒಂದು ಚೂರು ಎಲೆಯಲ್ಲಿ ಮುಚ್ಚಿಕೊಂಡು ತಾರೇ, ಯಾರಿಗೂ ಹೇಳಬೇಡ" ಎಂದು ಪಿಸುಗುಟ್ಟಿದಳು. ನಾನು ತರಲಿಲ್ಲ. ಹೆದರಿಕೊಂಡು ಹಿತ್ತಲಿಗೆ ಓಡಿಹೋದೆ. ಆಕೆ ಮತ್ತೆಂದೂ ಕೇಳಲಿಲ್ಲ. ಐವತ್ತು ವರ್ಷದ ಹತ್ತಿರ ಬಂತು, ಇವತ್ತಿಗೂ ಒಗ್ಗರಣೆ ಅವಲಕ್ಕಿಯ ವಾಸನೆ ಬಂದರೆ ನನಗೆ ಆ ಪಿಸುಮಾತು ಕೇಳಿಸುತ್ತದೆ. ಆಕೆಗೆ ಒಗ್ಗರಣೆ ಬೇಕಾಗಿತ್ತು, ಮನೆಯವರು ಕೊಡಲಿಲ್ಲ. ನನಗೆ ಬೇಡವಾಗಿದೆ, ಈಗ ಬಲವಂತವಾಗಿ ಬಡಿಸಲು ಬರುತ್ತಾರೆ. ಎರಡು ಕಡೆಯೂ ತಟ್ಟೆಯ ಮುಂದೆ ಕೂತವಳನ್ನು ಕೇಳಿದವರು ಯಾರು?

ಇನ್ನು ನಿಸರ್ಗ ಜೀವನದ ಉಪದೇಶಕರು. ಇವರ ಮೇಲೆ ನನಗೆ ನಾದಿನಿಗಿಂತ ಹೆಚ್ಚು ಸಿಟ್ಟು. ನಮ್ಮೂರಿನಲ್ಲಿ ನಡೆದ ಒಂದು ಶಿಬಿರಕ್ಕೆ ಹೋಗಿದ್ದೆ. ಬಿಳಿ ಬಟ್ಟೆಯ ಮಹನೀಯರೊಬ್ಬರು ಒಂದು ಗಂಟೆ ಮಾತಾಡಿದರು. ಅದರಲ್ಲಿ "ನಾಲಿಗೆಯನ್ನು ಗೆಲ್ಲಿ" ಎಂಬ ಮಾತು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಕೇಳುತ್ತಿದ್ದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಮೊದಲೇ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಕೆರೆದು ತಿನ್ನುವವರು ನಾವು. ನಮ್ಮ ನಾಲಿಗೆ ಯಾವಾಗ ಗೆದ್ದಿತ್ತು, ಈಗ ಸೋಲಿಸಲು?

ಗಾಂಧೀಜಿಯವರೂ ಇದಕ್ಕೆ ಹೊರತಲ್ಲ ಎಂದರೆ ಕೋಪಿಸಿಕೊಳ್ಳಬೇಡಿ. ಅವರು 1893ರಲ್ಲಿ ಪ್ರಿಟೋರಿಯಾದಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿದ್ದರು. 1929ರಲ್ಲಿ ಮತ್ತೆ ಕೈಹಾಕಿ, ಹೊಟ್ಟೆ ಕೆಟ್ಟು, ಆಡಿನ ಹಾಲಿಗೆ ಮರಳಿದರು. ಸೋತದ್ದನ್ನು ಮುಚ್ಚಿಡದೆ ಬರೆದರು, ಅದು ಅವರ ದೊಡ್ಡತನ. ಆದರೆ ಆಶ್ರಮದ ಅಸ್ವಾದ ವ್ರತವಿದೆಯಲ್ಲ, ರುಚಿಗಾಗಿ ತಿನ್ನಬಾರದು ಎನ್ನುವುದು, ಅದನ್ನು ನಾನು ಒಪ್ಪಲಾರೆ. ಅವರ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರುತ್ತದೆ. ದಕ್ಷಿಣ ಆಫ್ರಿಕದಲ್ಲಿ ಕಸ್ತೂರಬಾ ಕಾಯಿಲೆಯಲ್ಲಿದ್ದಾಗ ಉಪ್ಪು, ಬೇಳೆ ಬಿಡು ಎಂದು ಗಾಂಧೀಜಿ ಒತ್ತಾಯಿಸಿದರು. ನಿಮಗೆ ಹೇಳಿದರೆ ನೀವೇ ಬಿಡಲಾರಿರಿ ಎಂದು ಆಕೆ ತಿರುಗಿ ಹೇಳಿದ್ದೇ ತಡ, ಇವರು ಒಂದು ವರ್ಷ ಎರಡನ್ನೂ ಬಿಟ್ಟೆ ಎಂದು ಪ್ರತಿಜ್ಞೆ ಮಾಡಿಬಿಟ್ಟರು. ಆಕೆ ಗಾಬರಿಯಾಗಿ, ನಾನು ಬಿಡುತ್ತೇನೆ, ನೀವು ಮಾತ್ರ ಹಿಂತೆಗೆದುಕೊಳ್ಳಿ ಎಂದು ಬೇಡಿಕೊಂಡು ಅತ್ತರು. ಆಮೇಲೆ ಆರೋಗ್ಯ ಸುಧಾರಿಸಿತು, ಸರಿ. ಹಾಗೆ ಬಿಟ್ಟ ಉಪ್ಪಿನ ಜಾಗದಲ್ಲಿ ಆಕೆಗೆ ಯಾವ ರುಚಿ ಸಿಕ್ಕಿತು ಎಂಬುದು ಮಾತ್ರ ಆ ಪುಟಗಳಲ್ಲಿಲ್ಲ.

ನನಗೆ ಏನು ಸಿಕ್ಕಿತು ಎಂದು ನಾನೇ ಹೇಳುತ್ತೇನೆ. ಮೊದಲ ಎರಡು ವಾರ ಏನೂ ಸಿಗಲಿಲ್ಲ. ಬಾಯೆಲ್ಲ ಹುಲ್ಲು. ಕೈ ತಾನಾಗಿ ಉಪ್ಪಿನ ಡಬ್ಬಿಯ ಕಡೆ ಹೋಗುತ್ತಿತ್ತು. ಉಪ್ಪು ಕಡಿಮೆಯಾದರೆ ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ ಎಂಬುದನ್ನು ವಿಜ್ಞಾನಿಗಳೂ ಪರೀಕ್ಷಿಸಿ ಹೇಳಿದ್ದಾರೆ. ನನಗೆ ಅದು ಗೊತ್ತಾದದ್ದು ಒಂದು ನವಿಲುಕೋಸಿನಿಂದ. ಸಾಂಬಾರಿನಲ್ಲಿ ಬೆಂದು ಮೆತ್ತಗೆ ಬಿದ್ದಿರುತ್ತದಲ್ಲ, ಆ ತರಕಾರಿ ಹಸಿಯಾಗಿ ತಿಂದರೆ ಮೊದಲು ಸಿಹಿ, ನಂತರ ನಾಲಿಗೆಯ ತುದಿಗೆ ಸಾಸಿವೆಯಂಥ ಸಣ್ಣ ಚುರುಕು! ಒಗ್ಗರಣೆಯ ಸಾಸಿವೆ ಅದರೊಳಗೇ ಇತ್ತು. ಎಲೆಕೋಸು, ಮೂಲಂಗಿ, ಸಾಸಿವೆ ಎಲ್ಲ ಒಂದೇ ಬಳಗವಂತೆ, ವಿಜ್ಞಾನದ ಮೇಷ್ಟ್ರು ಆಮೇಲೆ ಹೇಳಿದರು. ಒಂದು ಸೌತೆಕಾಯಿಯಂತೆ ಇನ್ನೊಂದಿಲ್ಲ. ಮಳೆ ಬಿದ್ದ ವಾರದ್ದು ಸಪ್ಪೆ, ಬಿಸಿಲು ಕಂಡದ್ದು ಗಾಢ. ಹೆಸರುಕಾಳಿನ ಮೊಳಕೆ ಒಂದು ದಿನದ್ದು ಹಾಲಿನಂತೆ, ಎರಡು ದಿನದ್ದು ಹುಲ್ಲಿನಂತೆ. ಎಳೆ ಬೆಂಡೆಕಾಯಿ ಹಸಿಯಾಗಿ ತಿಂದರೆ ಲೆಕ್ಕ ಬರುತ್ತದೆ ಎಂದು ನಮ್ಮನ್ನು ನಂಬಿಸಿದ್ದರು. ಲೆಕ್ಕ ಬರಲಿಲ್ಲ, ಆ ರುಚಿ ಮಾತ್ರ ಐವತ್ತು ದಾಟಿದ ಮೇಲೆ ಮರಳಿ ಬಂತು. ಇಷ್ಟೂ ವರ್ಷ ನಾನು ಎಣ್ಣೆ, ಹುಳಿಪುಡಿ, ಇಂಗುಗಳನ್ನೇ ತಿಂದು, ತರಕಾರಿ ತಿಂದೆ ಎಂದುಕೊಂಡಿದ್ದೆ.

ಇದು ವಿದೇಶದ ಖಯಾಲಿ ಎನ್ನುವವರೂ ಇದ್ದಾರೆ. ನೌಕರಿಯ ಮೊದಲ ವರ್ಷಗಳಲ್ಲಿ ನಾನು ಗದಗದ ಕಡೆ ಇದ್ದೆ. ಅಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯದ ಸೊಪ್ಪು, ಹಕ್ಕರಕಿ, ಮೂಲಂಗಿ, ಸೌತೆಕಾಯಿ ಇಡದ ಊಟವನ್ನೇ ಊಟವೆನ್ನುತ್ತಿರಲಿಲ್ಲ. ಹೊಲದಿಂದ ಬಂದ ಹೆಂಗಸರು ಹಸಿ ಕಡಲೆಯ ಗಿಡವನ್ನೇ ಮಡಿಲಲ್ಲಿಟ್ಟು ಬಿಡಿಸಿ ಬಿಡಿಸಿ ತಿನ್ನುತ್ತಿದ್ದರು. ಯಾರ ನಾಲಿಗೆಯನ್ನು ಯಾರೂ ಗೆಲ್ಲುತ್ತಿರಲಿಲ್ಲ. ನಮ್ಮ ರಾಮನವಮಿಯ ಕೋಸಂಬರಿ ಮತ್ತೇನು? ನೆನೆಸಿದ ಬೇಳೆ, ಸೌತೆ, ಕಾಯಿತುರಿ.

ಹಾಗೆಂದು ಒಲೆಯನ್ನೇ ಆರಿಸಿಬಿಡಿ ಎನ್ನುವ ಹುಚ್ಚು ನನಗಿಲ್ಲ. ಮಧ್ಯಾಹ್ನ ಅನ್ನ ಸಾರು ಉಣ್ಣುತ್ತೇನೆ. ಅವರೆಕಾಳು, ರಾಜ್ಮಾ, ಮರಗೆಣಸು, ಕೆಸು ಇವನ್ನು ಹಸಿಯಾಗಿ ಬಾಯಿಗಿಡಲೇಬಾರದು. ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆಯಬೇಕು. ಹಾಲು ಮೊಸರು ಬಿಟ್ಟಿದ್ದೇನೆ, ಆದ್ದರಿಂದ ಡಾಕ್ಟರ ಮಾತಿನಂತೆ ಬಿ-12 ಮಾತ್ರೆ ನುಂಗುತ್ತೇನೆ. ಗಿಡಮರಗಳಲ್ಲಿ ಅದು ಸಿಗುವುದಿಲ್ಲ, ಪುರಾಣ ಹೇಳಿ ಉಪಯೋಗವಿಲ್ಲ. ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ವರ್ಷಗಟ್ಟಲೆ ಹಸಿ ಆಹಾರವನ್ನೇ ಉಂಡ 45ರ ಒಳಗಿನ ಹೆಂಗಸರಲ್ಲಿ ಸುಮಾರು ಶೇಕಡಾ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. ಬಿಳಿ ಬಟ್ಟೆಯವರು ಇದನ್ನು ಶಿಬಿರದಲ್ಲಿ ಹೇಳಲಿಲ್ಲ. ಮೊದಲೇ ರಕ್ತ ಕಡಿಮೆ ಇರುವ ನಮ್ಮ ಹುಡುಗಿಯರು ಯಾರದೋ ಮಾತು ಕೇಳಿ ಊಟ ಬಿಟ್ಟು ಸೊಪ್ಪು ಮೇಯುವುದು ಬೇಡ.

ನಾದಿನಿಗೆ ಆ ರಾತ್ರಿ ಇಷ್ಟೆಲ್ಲ ಹೇಳಲಿಲ್ಲ. "ಕೂತ್ಕೋ" ಎಂದು ತಟ್ಟೆಯನ್ನು ಅವಳ ಕಡೆ ತಳ್ಳಿದೆ. ಕಣ್ಣು ಒರೆಸಿಕೊಂಡು ಒಂದು ಬಿಲ್ಲೆ ನವಿಲುಕೋಸು ಬಾಯಿಗಿಟ್ಟಳು. ಅಗಿದಳು. ಇನ್ನೊಂದು ತೆಗೆದುಕೊಂಡಳು. ಮೂರನೆಯದು ಕೈಯಲ್ಲಿ ಹಿಡಿದು, "ಒಂಚೂರು ಉಪ್ಪಿದ್ದರೆ..." ಎಂದು ನನ್ನ ಮುಖ ನೋಡಿದಳು.

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಟ್ಟೆ.