ಎಚ್ಚರಿಕೆ ಯಾರಿಗೆ ಹೇಳುತ್ತೀರಿ, ಸ್ವಾಮಿ?

ಮಕ್ಕಳ ಕೈಗೆ ಸಿಗದಂತೆ ಇಡಿ. ಕೀಟನಾಶಕದ ಡಬ್ಬಿಗಳ ಮೇಲೆಲ್ಲ ಇದೇ ಉಪದೇಶ. ಇಡೋಣ, ಆದರೆ ಎಲ್ಲಿಡೋಣ? ಕೋಲಾರದ ಕಡೆ ಟೊಮೆಟೊ ತೋಟಕ್ಕೆ ಕೂಲಿಗೆ ಬಂದ ಸಂಸಾರಕ್ಕೆ ಇರುವುದು ಒಂದೇ ತಗಡಿನ ಶೆಡ್ಡು. ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಅದೇ ಮೂಲೆಯಲ್ಲಿ ತೋಟದ ಧಣಿ ಇಟ್ಟುಹೋದ ಔಷಧಿ ಡಬ್ಬಿ, ಪಂಪು, ಪೈಪು. ಬೀರುವಿಲ್ಲ, ಬೀಗವಿಲ್ಲ, ಅಟ್ಟವಿಲ್ಲ. ಉಪದೇಶಕ್ಕೆ ಮಾತ್ರ ಬರವಿಲ್ಲ.

ಔಷಧಿ ಹೊಡೆಯುವ ದಿನ ಆ ತೋಟದ ಬದುವಿನ ಮೇಲೆ ಒಮ್ಮೆ ನಿಂತು ನೋಡಿ. ಡ್ರಮ್ಮಿಗೆ ನೀರು ತುಂಬಿ, ಡಬ್ಬಿಯ ಮುಚ್ಚಳದಲ್ಲೇ ಅಳೆದು ಸುರಿದು, ಕೋಲು ಸಿಗದಿದ್ದರೆ ಬರಿಗೈಯಲ್ಲೇ ಕದಡುತ್ತಾಳೆ ತಾಯಿ. ಹೊಂಗೆ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಕೂಸು. ಗಾಳಿ ತಿರುಗಿತೋ, ತುಂತುರು ನೇರ ಜೋಲಿಗೆ. ಅಳು ಕೇಳಿ ಓಡಿಬಂದವಳು ಕೈ ಒರೆಸಿಕೊಳ್ಳುವುದೂ ಅದೇ ಸೆರಗಿಗೆ, ಮರೆಮಾಡಿ ಹಾಲೂಡಿಸುವುದೂ ಅದೇ ಸೆರಗಿನಲ್ಲಿ. ಸಂಜೆ ಅವಳ ದೊಡ್ಡ ಮಗ ಖಾಲಿ ಡಬ್ಬಿಗೆ ನೀರು ತುಂಬಿಕೊಂಡು ಬಯಲಿಗೆ ಹೋಗುತ್ತಾನೆ. ಅವನಿಗೆ ಅದೇ ಚೊಂಬು. ಖಾಲಿ ಡಬ್ಬಿಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಆ ನಿಯಮ ಹಿಡಿದು ಈ ಬದುವಿಗೆ ಬಂದ ಒಬ್ಬ ಅಧಿಕಾರಿಯನ್ನು ತೋರಿಸಿ, ಕೈಮುಗಿಯುತ್ತೇನೆ.

ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು. ಈ ಬಣ್ಣ ನಿರ್ಧಾರವಾಗುವುದು ಹೇಗೆ ಗೊತ್ತೇ? ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಎಷ್ಟು ವಿಷ ಬೇಕು ಎಂಬ ಲೆಕ್ಕದ ಮೇಲೆ. ದಿನಾ ಒಂದಿಷ್ಟೇ ಒಂದಿಷ್ಟು ಉಸಿರಿಗೆ ಹೋದರೆ ಎರಡು ವರ್ಷದ ಮಗುವಿನ ನರಗಳಿಗೆ ಏನಾಗುತ್ತದೆಂದು ಆ ತ್ರಿಕೋನ ಹೇಳುವುದಿಲ್ಲ. ಮಗುವೆಂದರೆ ಸಣ್ಣ ಅಳತೆಯ ದೊಡ್ಡವರಲ್ಲ. ಮೈತೂಕಕ್ಕೆ ಹೋಲಿಸಿದರೆ ಅದು ನಮಗಿಂತ ಹೆಚ್ಚು ಉಸಿರಾಡುತ್ತದೆ, ಹೆಚ್ಚು ತಿನ್ನುತ್ತದೆ, ಹೆಚ್ಚು ಕುಡಿಯುತ್ತದೆ. ಹೊಡೆದ ಔಷಧಿ ಇಳಿದು ಕೂರುವ ನೆಲದಲ್ಲೇ ತೆವಳುತ್ತದೆ, ಅದೇ ಕೈ ಬಾಯಿಗಿಡುತ್ತದೆ. ವಿಷ ಕರಗಿಸಿ ಹೊರಹಾಕುವ ಯಕೃತ್ತು, ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ. ಹಸಿರು ತ್ರಿಕೋನ ಕಂಡು ನೆಮ್ಮದಿಯಾಗಿ ಮಲಗುವವರು ಮಲಗಲಿ, ನನಗಂತೂ ನಿದ್ದೆ ಬರುವುದಿಲ್ಲ.

ಇಷ್ಟಾದರೂ ಕೂಲಿಯವಳ ಅಜ್ಞಾನ, ಬಡವರ ಅಜಾಗ್ರತೆ ಎಂದು ತೀರ್ಪು ಕೊಡುವವರಿದ್ದಾರೆ. ಅವರು ಒಮ್ಮೆ ಕಾಸರಗೋಡಿನ ಎಣ್ಮಕಜೆಗೆ, ನಮ್ಮ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆಗೆ ಹೋಗಿಬರಲಿ. ಅಲ್ಲಿ ವಿಷ ಸುರಿದವರು ಓದುಬರಹ ಬಾರದವರಲ್ಲ. ಅಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಷನ್, ಇಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮ; ಎರಡೂ ಸರ್ಕಾರದವೇ. ಗೇರು ಚಿಗುರಿನ ಟೀ ಸೊಳ್ಳೆ ಎಂಬ ಕೀಟ ಕೊಲ್ಲಲು ಹೆಲಿಕಾಪ್ಟರ್ ತಂದು ವರ್ಷಗಟ್ಟಲೆ ಎಂಡೋಸಲ್ಫಾನ್ ಹೊಡೆದರು, 2000ನೇ ಇಸವಿಯವರೆಗೆ. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಶಾಲೆ, ತೋಡು, ಬಾವಿ, ನೀರಿನ ಸುರಂಗ ಎಲ್ಲ ಕೆಳಗಿನ ಕಣಿವೆಯಲ್ಲಿ. ಮಳೆ ಬಂದರೆ ಮೇಲಿನದು ಕೆಳಗೇ ಇಳಿಯಬೇಕು. ಇದನ್ನು ತಿಳಿಯಲು ವಿಜ್ಞಾನಿಯಾಗಬೇಕಿಲ್ಲ, ದನ ಮೇಯಿಸುವ ಹುಡುಗನಿಗೂ ಗೊತ್ತು. ಬಾವಿಗೆ ಮುಚ್ಚಳ ಹಾಕಬಹುದು, ತೋಡಿಗೆ ಏನು ಹಾಕುತ್ತೀರಿ?

ಎಣ್ಮಕಜೆಯ ಪಡ್ರೆ ಎಂಬ ಹಳ್ಳಿಯ ಮನೆಮನೆಯ ಮಕ್ಕಳ ಸ್ಥಿತಿ ಕಂಡು ಮೊದಲು ಕೂಗು ಹಾಕಿದ್ದು ಹಳ್ಳಿಯ ವೈದ್ಯ ಡಾ. ವೈ.ಎಸ್. ಮೋಹನಕುಮಾರ್, ಪತ್ರಕರ್ತ ಶ್ರೀಪಡ್ರೆ. ದೊಡ್ಡ ಇಲಾಖೆ ಯಾವುದೂ ಅಲ್ಲ. ಆಮೇಲೆ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಅಲ್ಲಿನ ಶಾಲಾ ಹುಡುಗರ ರಕ್ತ ಪರೀಕ್ಷಿಸಿತು. ಬೇರೆ ಊರಿನ ಹುಡುಗರಿಗಿಂತ ಇವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಇವರು ಪ್ರಾಯಕ್ಕೆ ಬರುವುದೂ ತಡವಾಗುತ್ತಿತ್ತು ಎಂದು 2003ರಲ್ಲಿ ಪ್ರಕಟಿಸಿತು. ಇತ್ತ ಕೇಂದ್ರ ಸರ್ಕಾರದ ದುಬೆ ಸಮಿತಿ ಕೂತಿತು, ಮಾಯಿ ಸಮಿತಿ ಕೂತಿತು; ಸಂಬಂಧ ಸಾಬೀತಾಗಿಲ್ಲ ಎಂದು ಎದ್ದುಹೋದವು. ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ಹಾಕಿದ್ದು 2011ರ ಮೇ 13ರಂದು. ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು ಅದೇ ಕೋರ್ಟು 2017ರಲ್ಲಿ ಹೇಳಿತು. ಐದು ವರ್ಷ ಕಳೆದ ಮೇಲೆ ವಿಚಾರಿಸಿದರೆ, 3,704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಮಂದಿಗೆ. ಅದೂ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ! ಹಾಸಿಗೆ ಬಿಟ್ಟೇಳಲಾಗದ ಮಗುವನ್ನು ಬಿಟ್ಟು ದಿಲ್ಲಿಗೆ ಹೋಗಲಾರದ ತಾಯಂದಿರು ಕಾಯುತ್ತಲೇ ಇದ್ದರು.

ಬಿಹಾರದ ಗಂಡಾಮನ್ ಶಾಲೆಯನ್ನು ಮರೆತಿರಾ? 2013ರ ಜುಲೈ 16, ಬಿಸಿಯೂಟದ ಎಣ್ಣೆಯಲ್ಲಿ ಮೊನೋಕ್ರೊಟೊಫಾಸ್ ಕೀಟನಾಶಕ, ಉಂಡ ಮಕ್ಕಳಲ್ಲಿ 23 ಸಾವು. ಈ ವಿಷವನ್ನು ಕೈಬಿಡುವ ಬಗ್ಗೆ ಯೋಚಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೂ ನಾಲ್ಕು ವರ್ಷ ಮೊದಲೇ ಭಾರತಕ್ಕೆ ಹೇಳಿತ್ತು. ಮುಖ್ಯ ಶಿಕ್ಷಕಿಗೆ ಜೈಲಾಯಿತು; ಆಗಲಿ. ವಿಷ ಮಾತ್ರ ಅಂಗಡಿಯಲ್ಲೇ ಉಳಿಯಿತು. 2018ರಲ್ಲಿ ನಮ್ಮ ಚಾಮರಾಜನಗರದ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ಬೆರೆಸುವವರ ಕೈಗೂ ಇದೇ ಸಿಕ್ಕಿತು. ನಿಲ್ಲಿಸುವ ಆದೇಶ ಹೊರಟಿದ್ದು 2023ರಲ್ಲಿ.

ಪಟ್ಟಣದವರು ತಮಗೇನೂ ಆಗಿಲ್ಲವೆಂದು ಬೀಗುವುದು ಬೇಡ. ಫಾಗಿಂಗ್ ಗಾಡಿ ಬೀದಿಗೆ ಬಂದರೆ ಹೊಗೆಯೊಳಗೆ ಕೇಕೆ ಹಾಕಿ ಓಡುವ ಮಕ್ಕಳನ್ನು ಜಗುಲಿಯಲ್ಲಿ ನಿಂತು ನೋಡಿ ನಗುತ್ತೀರಲ್ಲ, ಆ ಹೊಗೆ ಡೀಸೆಲ್ಲಿಗೋ ಸೀಮೆಎಣ್ಣೆಗೋ ಬೆರೆಸಿದ ಕೀಟನಾಶಕ. ನಿಂತ ನೀರಿನ ಸೊಳ್ಳೆಮರಿಗಳಿಗೆ ಅದು ತಾಗುವುದೂ ಇಲ್ಲ. ಚರಂಡಿ ಬಾಚಿಸಲು ಆಗದ ಮೆಂಬರು ಹೊಗೆ ಬಿಟ್ಟು ಫೋಟೊ ತೆಗೆಸಿಕೊಳ್ಳುತ್ತಾನೆ. ಇನ್ನು ಇಲಿ ಪೇಸ್ಟು: ಹಲ್ಲುಜ್ಜುವ ಪೇಸ್ಟಿನಂಥದೇ ಟ್ಯೂಬು, ಒಳಗೆ ಹಳದಿ ರಂಜಕ, ಅದಕ್ಕೆ ಪ್ರತಿವಿಷವೇ ಇಲ್ಲ. ಇಂಥದ್ದನ್ನು ಬಿಸ್ಕತ್ತಿನ ಡಬ್ಬಿಯ ಪಕ್ಕ ಇಟ್ಟು ಮಾರಲು ಬಿಟ್ಟವರು ಯಾರು? ಅದನ್ನು ಸಾಬೂನಿನ ಜೊತೆ ಒಂದೇ ಚೀಲಕ್ಕೆ ಹಾಕಿಸಿಕೊಂಡು ಬರುವವರು ಯಾರು?

ಮುಂದಿನ ಗ್ರಾಮಸಭೆಗೆ ಹೋಗಿ, ವಾರ್ಡಿನ ಸಭೆಗೆ ಹೋಗಿ, ಎದ್ದು ನಿಂತು ಕೇಳಿ. ಔಷಧಿ ಹೊಡೆಯುವ ಹಿಂದಿನ ದಿನ ಅಕ್ಕಪಕ್ಕದ ಮನೆಗೆ, ಶಾಲೆಗೆ, ಅಂಗನವಾಡಿಗೆ ತಿಳಿಸುವ ಹೊಣೆ ಯಾರದು? ಕೂಲಿಯವರ ಶೆಡ್ಡಿನಲ್ಲಿ ವಿಷ ಇಡಬಾರದು ಎಂದು ತೋಟದವರಿಗೆ ನೋಟಿಸು ಕೊಡುತ್ತೀರಾ? ನರೇಗಾದವರ ಮಕ್ಕಳಿಗೆಂದು ತೆರೆದ ಕೂಸಿನ ಮನೆಗೆ ಟೊಮೆಟೊ ತೋಟದ ಕೂಸನ್ನೂ ಸೇರಿಸಿಕೊಳ್ಳುತ್ತೀರಾ? ವಿಷ ತಾಗಿದ ಮಗುವನ್ನು, ಡಬ್ಬಿಯ ಸಮೇತ, ರಾತ್ರಿ ಹತ್ತಕ್ಕೆ ಹೊತ್ತು ತಂದರೆ ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರು ಇರುತ್ತಾರಾ, ವಿಷ ಇಳಿಸುವ ಅಟ್ರೋಪಿನ್ ಇರುತ್ತದಾ? ಉತ್ತರವನ್ನು ಬಾಯಿಮಾತಿನಲ್ಲಿ ಪಡೆಯಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.